ಸವಿನೆನಪಿನ ಚೀಲ

ಐಮಂಗಲದಲ್ಲಿ ಬಸ್ಸು ಹತ್ತಿದ ಹೆಂಗಸು ಮಂಗಳಾಳ ಪಕ್ಕದಲ್ಲೇ ಕೂತಳು. ಕೂತವಳೇ ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಅದರ ಬಾಯಿಂದ ಇಣುಕುತ್ತಿದ್ದ ನುಗ್ಗೆಕಾಯಿಗಳು ಯಾರ ಕಣ್ಣಿಗೂ ಚುಚ್ಚದಂತೆ ಒಳಕ್ಕೆ ಒತ್ತಿದಳು. ಮಂಗಳಾ ಮೊದಲು ನೋಡಿದ್ದು ಚೀಲದ ಹೊಲಿಗೆಯನ್ನು. ಬೇರೆಯವರು ಮುಖ ನೋಡುವ ಹಾಗೆ ಅವಳು ಹೊಲಿಗೆ ನೋಡುತ್ತಾಳೆ. ಹಿಡಿಕೆ ಚೀಲಕ್ಕೆ ಸೇರುವ ಕಡೆ ಚೌಕವಾಗಿ ಒಂದು ಹೊಲಿಗೆ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಮತ್ತೆರಡು. ಒಂದು ಚೀಲಕ್ಕೆ ಇಷ್ಟು ದಾರ ಸುರಿಯುವವರು ನನ್ನ ಹಾಗೆ ಇನ್ನೂ ಯಾರೋ ಇದ್ದಾರಲ್ಲ ಎಂದುಕೊಂಡಳು. ಕಂಡಕ್ಟರು ಬಂದ. ಹೆಂಗಸು ಆಧಾರ್ ಕಾರ್ಡು ಹುಡುಕಲು ಚೀಲವನ್ನು ಇತ್ತ ತಿರುಗಿಸಿದಳು. ಆಗ ಅಕ್ಷರಗಳು ಕಂಡವು.

ಮೇಲೊಂದು ಕಳಶ. ಅದರ ಕೆಳಗೆ ಕೆಂಪು ಬಣ್ಣದಲ್ಲಿ 'ಮಂಗಳಾ – ಲಕ್ಷ್ಮೀಕಾಂತ್'. ಅದರ ಕೆಳಗೆ 'ವಿವಾಹ ಮಹೋತ್ಸವದ ಸವಿನೆನಪಿಗಾಗಿ'.

ಅವಳದೇ ಹೆಸರು. ಈ ಚೀಲ ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಆಗಿಹೋಗುತ್ತಿತ್ತು. ಆದರೆ ಮಾತು ಗಂಟಲಿಗೆ ಬಂದು ಅಲ್ಲೇ ಕೂತಿತು, ಚಿತ್ರದುರ್ಗ ಬರುವವರೆಗೂ ಕೂತೇ ಇತ್ತು. ಹೆಂಗಸು ಇಳಿಯುವಾಗ, "ಸ್ವಲ್ಪ ಜಾಗ ಬಿಡವ್ವ," ಎಂದು ಆ ಚೀಲವನ್ನು ಅವಳ ಮೊಣಕಾಲಿಗೆ ತಾಗಿಸಿಕೊಂಡೇ ಹೋದಳು.

ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಯ ಮೊಳೆಗೆ ಇನ್ನೊಂದು ಚೀಲ ನೇತಾಡುತ್ತಿತ್ತು. ಆಟೋ ಹಿಡಿಯುವಷ್ಟರಲ್ಲಿ, ಸ್ಕೂಟರಿನ ಮುಂದಿನ ಕೊಕ್ಕೆಯಲ್ಲಿ ಮತ್ತೊಂದು ಕಂಡಿತು. ಅದರೊಳಗೆ ಕೋಳಿ ಇರಬೇಕು, ಚೀಲ ಅಲ್ಲಾಡುತ್ತಿತ್ತು. ಅವಳ ಹೆಸರೂ ಅದರ ಜೊತೆ ಅಲ್ಲಾಡುತ್ತಿತ್ತು.

ಹಿರಿಯೂರಿನಲ್ಲಿ ಚಿಕ್ಕಮ್ಮನ ಬಾಣಂತನಕ್ಕೆಂದು ಹೋದವಳು ಇವತ್ತು ಮದಕರಿಪುರದ ಮನೆಗೆ ವಾಪಸು ಬರುತ್ತಿದ್ದಳು. ಹೋಗುವಾಗ ಆ ಚೀಲಗಳೆಲ್ಲ ಮೂಟೆ ಕಟ್ಟಿ ಅಟ್ಟದ ಮೇಲಿದ್ದವು.

ಅವ್ವ ಮಲ್ಲಕ್ಕ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಮಗಳನ್ನು ಕಂಡು ಮುಖ ಅರಳಿಸಿ, "ಬಂದ್ಯಾ? ಕೂಸು ಹೆಂಗೈತೆ? ಯಾರಂಗೈತೆ?" ಎಂದಳು.

"ಅವ್ವಾ, ಅಟ್ಟದ ಮ್ಯಾಲಿನ ಮೂಟೆ ಎಲ್ಲಿ?"

ಮಲ್ಲಕ್ಕ ಉಜ್ಜಿದ ತಟ್ಟೆಯನ್ನೇ ಮತ್ತೆ ಉಜ್ಜತೊಡಗಿದಳು. "ನಿಮ್ ದೊಡ್ಡಪ್ಪ ತಗಂಡೋದ. ನಗರಸಭೆಯೋರು ಮಾರ್ಕೆಟ್ಟಿಗೆ ಬಂದು ಪ್ಲಾಸ್ಟಿಕ್ ಕವರೆಲ್ಲ ಗುಡಿಸ್ಕಂಡು ಹೋದ್ರಂತೆ. ಗಿರಾಕಿಗಳು ಬರಿಗೈಯಾಗೆ ಬಂದು ನಿಂತ್ಕಂತಾರೆ, ತರ್ಕಾರಿ ಏನು ಸೆರಗಿಗೆ ಸುರೀಲಾ ಅಂದ. ಕೊಟ್ಟೆ. ಒಂದು ಮೂಟೆ ಇನ್ನೂ ಅಲ್ಲೇ ಐತೆ ನೋಡು."

"ನನ್ನ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಏನಂತಿದ್ದೆ? ಹೂಂ ಅಂತಿದ್ಯಾ, ಉಹೂಂ ಅಂತಿದ್ಯಾ? ನೀನು ಬಾಯಿ ಬಿಡೋದ್ರೊಳಗೆ ಇಲಿ ತಿಂದು ಮುಗಿಸ್ತಿದ್ವು."

ಮಂಗಳಾಳಿಗೆ ಚೀಲಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು. ಯಾಕೆಂದರೆ ಮದುವೆ ಮುರಿದದ್ದೂ ಅದೇ ಕಾರಣಕ್ಕೆ.

ಹೊಸದುರ್ಗದ ಹುಡುಗ. ಮೊಬೈಲ್ ಅಂಗಡಿ ಇಟ್ಟಿದ್ದ. ಹೆಣ್ಣು ನೋಡಲು ಬಂದ ದಿನ ತನ್ನ ತಟ್ಟೆಯ ಚಕ್ಕುಲಿಯನ್ನು ಸಣ್ಣಸಣ್ಣಗೆ ಮುರಿದು, ಜೊತೆಗೆ ಬಂದಿದ್ದ ತನ್ನ ಅಕ್ಕನ ಮಗುವಿಗೆ ಒಂದೊಂದೇ ಚೂರು ತಿನ್ನಿಸಿದ. ಮಂಗಳಾ ಬಾಗಿಲ ಸಂದಿಯಿಂದ ಅದನ್ನು ನೋಡಿ, ಅಷ್ಟಕ್ಕೇ ಒಪ್ಪಿಕೊಂಡುಬಿಟ್ಟಿದ್ದಳು. ಆಮೇಲೆ ಅವನು ದಿನಾ ಸಂಜೆ ಫೋನು ಮಾಡುತ್ತಿದ್ದ. ಅವನು ಹೇಳುವುದೆಲ್ಲ ಅವಳಿಗೆ ಇಷ್ಟವಾಗುತ್ತಿತ್ತು. ಯಾವ ಗಿರಾಕಿ ಫೋನನ್ನು ಸಾರಿನೊಳಗೆ ಬೀಳಿಸಿಕೊಂಡು ಬಂದ, ಯಾರು ಕೂಗಾಡಿದರು, ಎಲ್ಲ. ಕೇಳುತ್ತ ಕೂತಿರುತ್ತಿದ್ದಳು. ಕೇಳುವುದೂ ಮಾತಿನಲ್ಲಿ ಸೇರಿದ್ದೇ ಎಂದು ಅವಳು ತಿಳಿದಿದ್ದಳು. ಅವನು ಹಾಗೆ ತಿಳಿಯಲಿಲ್ಲ. ನಡುವೆ ನಿಂತು ಸಂಬಂಧ ಕುದುರಿಸಿದ್ದ ಅಜ್ಜಪ್ಪ ಒಂದು ದಿನ ಬಂದು ಹೊಸ್ತಿಲ ಹೊರಗೇ ನಿಂತು ಹೇಳಿದ್ದ: "ಹುಡುಗ ಒಲ್ಲೆ ಅಂತಾನೆ ಕಣಮ್ಮ. ಏನು ಹೇಳಿದ್ರೂ ಬರೀ ಹೂಂ, ಉಹೂಂ ಅಂತೆ. ಗೋಡೆ ಜತೆ ಮಾತಾಡ್ದಂಗಾಗ್ತೈತಂತೆ."

ಅಷ್ಟು ಹೊತ್ತಿಗೆ ಚೀಲಗಳು ಹೊಲಿದು, ಹೆಸರು ಹಾಕಿಸಿ, ಬಂದು ಬಿದ್ದಿದ್ದವು.

ಆ ಚೀಲ ಹೊಲಿದವಳು ಅವಳೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮಿಷನ್ನಿನ ಮುಂದೆ ಕೂತವಳು. ಊರಿನ ಅರ್ಧ ರವಿಕೆ ಅವಳ ಕೈಯವೇ. ತನ್ನ ಮದುವೆಯಲ್ಲಿ ಅವಳು ಹಟ ಹಿಡಿದದ್ದು ಒಂದಕ್ಕೇ. ಪೇಟೆಯಲ್ಲಿ ಸಿಗುವ ಆ ತೆಳ್ಳನೆಯ ಚೀಲ ಬೇಡ. ಅದು ನೋಡಲು ಬಟ್ಟೆ, ಒಳಗೆ ಪ್ಲಾಸ್ಟಿಕ್ಕೇ. ಎರಡು ಕಾಯಿ ಹಾಕಿದರೆ ಹಿಡಿಕೆ ಕೈಯಲ್ಲಿ, ಕಾಯಿ ರಸ್ತೆಯಲ್ಲಿ. ತಾಂಬೂಲ ತೆಗೆದುಕೊಂಡು ಹೋದವರು ಹತ್ತು ವರ್ಷ ಸಂತೆಗೆ ಹಿಡಿದುಕೊಂಡು ಓಡಾಡುವಂಥ ಚೀಲ ಕೊಡಬೇಕು ಎಂದು ದಪ್ಪ ಕೋರಾ ಬಟ್ಟೆ ತರಿಸಿ, ಅಂಚೆಲ್ಲ ಎರಡೆರಡು ಹೊಲಿಗೆ ಹಾಕಿದ್ದಳು. ಬರುವವರು ಮನೆಗೆ ಹೋಗಿ ಚೀಲ ತಿರುಗಿಸಿ ನೋಡಿ, ಹುಡುಗಿ ಕೈ ಚೆನ್ನಾಗೈತೆ ಅನ್ನಲಿ ಎಂಬ ಆಸೆ. ಬಾಯಿಂದ ಹೇಳಲಾಗದ್ದನ್ನು ಹೊಲಿದು ಹೇಳುವುದು ಅವಳಿಗೆ ಸುಲಭವಿತ್ತು.

ಈಗ ಆ ಚೀಲ ಊರಿಗೆಲ್ಲ ಹೇಳುತ್ತಿತ್ತು, ಅವಳು ಹೇಳಬೇಕೆಂದಿದ್ದನ್ನು ಬಿಟ್ಟು.

ಮರುದಿನ ಬೆಳಿಗ್ಗೆಯೇ ಅವಳು ಮಾರ್ಕೆಟ್ಟಿಗೆ ಹೋದಳು. ಸಂತೆ ಹೊಂಡದ ಹತ್ತಿರದ ಸಾಲಿನಲ್ಲಿ ದೊಡ್ಡಪ್ಪ ಕೆಂಚಣ್ಣನ ತರಕಾರಿ ಅಂಗಡಿ. ಎತ್ತರದ ಹಲಗೆಯ ಮೇಲೆ ಕೂತು ಬದನೆಕಾಯಿಗೆ ನೀರು ಚಿಮುಕಿಸುತ್ತಿದ್ದವನು ಅವಳನ್ನು ಕಂಡದ್ದೇ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೇಳುವಂತೆ ಕೂಗಿದ: "ಏ ಬಾರೇ ಮಂಗಳವ್ವ! ನೋಡ್ರಪ್ಪ, ಚೀಲದವಳು ಬಂದ್ಲು! ಇಡೀ ಮಾರ್ಕೆಟ್ನಾಗೆ ನಿಂದೇ ಹೆಸ್ರು ಕಣೇ. ಎಲೆಕ್ಷನ್ ನಿಂತೋರಿಗೂ ಇಷ್ಟು ಪ್ರಚಾರ ಇಲ್ಲ."

ಸುತ್ತಲಿನವರು ನಕ್ಕರು. ಮಂಗಳಾ ತಲೆ ತಗ್ಗಿಸಿಕೊಂಡು ಅಂಗಡಿಯ ಹಿಂದಕ್ಕೆ ಹೋಗಿ ನಿಂತು, ಮೆಲ್ಲಗೆ, "ವಾಪಸ್ ಇಸ್ಕಳ್ರಿ ದೊಡ್ಡಪ್ಪ," ಎಂದಳು.

"ಏನನ್ನ?"

"ಚೀಲಾನ."

"ಹುಚ್ಚೀ! ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ನಾಳೆ ನನ್ ಅಂಗಡಿಗೆ ಯಾರು ಬರ್ತಾರೆ?" ಎನ್ನುತ್ತಲೇ, ಅವಸರದಲ್ಲಿ ನಿಂತಿದ್ದ ಒಬ್ಬ ಗಿರಾಕಿಗೆ ಗೋಣಿಯ ಅಡಿಯಿಂದ ತೆಳ್ಳನೆಯ ಪ್ಲಾಸ್ಟಿಕ್ ಕವರೊಂದನ್ನು ಎಳೆದು ಟೊಮೇಟೊ ತುಂಬಿಕೊಟ್ಟ. ಮಂಗಳಾ ಅದನ್ನೇ ನೋಡಿದಳು.

"ಏನು ನೋಡ್ತೀಯ? ಗೊತ್ತಿರೋರಿಗಷ್ಟೇ," ಎಂದ ಕೆಂಚಣ್ಣ.

ಅವಳು ನಿಂತೇ ನೋಡಿದಳು. ಚೀಲ ತಂದವರೂ ಟೊಮೇಟೊಗೊಂದು ಕವರು, ಹಸಿಮೆಣಸಿನಕಾಯಿಗೊಂದು ಕವರು, ಸೊಪ್ಪಿಗೊಂದು ಕವರು ಕೇಳಿ ತೆಗೆದುಕೊಂಡು, ಆ ಕವರುಗಳನ್ನೆಲ್ಲ ಅವಳ ಚೀಲದೊಳಗೆ ಇಳಿಬಿಡುತ್ತಿದ್ದರು. ಕವರು ಹೋಗಲಿ ಎಂದು ಚೀಲ ಬಂದಿತ್ತು, ಈಗ ಕವರಿಗೆ ಕೂರಲು ಜಾಗವಾಗಿತ್ತು. ಅವಳ ಮಾನ ಹೋದದ್ದಕ್ಕೆ ಅಷ್ಟಾದರೂ ಪ್ರಯೋಜನ ಆಗಬಾರದಿತ್ತೇ?

ಅಷ್ಟರಲ್ಲಿ ಕನ್ನಡಕದ ಹೆಂಗಸೊಬ್ಬಳು ಬೀನ್ಸು ಆರಿಸುತ್ತ, "ಇವಳೇ ಏನು ಕೆಂಚಣ್ಣ ಮದುಮಗಳು? ಗಂಡನ ಮನೆ ಯಾವೂರವ್ವ? ಏನಾದ್ರೂ ವಿಶೇಷ ಐತಾ?" ಎಂದು ಅವಳ ಹೊಟ್ಟೆಯ ಕಡೆ ನೋಡಿದಳು. ಕೆಂಚಣ್ಣ ಕೂಡಲೇ ತಕ್ಕಡಿಯ ಕಡೆ ತಿರುಗಿಕೊಂಡ. ಮಂಗಳಾ ತಲೆ ಅಲ್ಲಾಡಿಸಿದಳು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. "ನಾಚ್ಕಂತಾಳೆ ನೋಡು," ಎಂದು ಹೆಂಗಸು ಸಂತೋಷಪಟ್ಟು ಹೋದಳು.

ದಾರಿಯುದ್ದಕ್ಕೂ ಮಂಗಳಾ ತನ್ನ ತಲೆಯನ್ನೇ ಬೈದುಕೊಂಡಳು. ಅಲ್ಲಾಡಲಿಕ್ಕೆ ಮಾತ್ರ ಬರುತ್ತದೆ ಈ ತಲೆಗೆ.

ಮಾತಿನಿಂದ ಆಗದ್ದನ್ನು ಕೈಯಿಂದ ಮಾಡೋಣ ಎಂದು ಅವಳು ಮನೆಯಲ್ಲಿದ್ದ ಹಳೆಯ ಹಾಸಿಗೆ ಹೊದಿಕೆ, ಉಳಿದ ಕೋರಾ ಬಟ್ಟೆ ಎಲ್ಲ ಕತ್ತರಿಸಿ ಹೆಸರಿಲ್ಲದ ಚೀಲ ಹೊಲಿದಳು. ಹಳೆಯದು ಕೊಟ್ಟವರಿಗೆ ಹೊಸದು. ಇದನ್ನು ಹೇಳಲು ಹೆಚ್ಚು ಮಾತೂ ಬೇಕಿರಲಿಲ್ಲ, ಎರಡನ್ನೂ ತೋರಿಸಿದರೆ ಸಾಕು. ದೊಡ್ಡಪ್ಪನ ಅಂಗಡಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು.

ಮೊದಲು ಬಂದವಳು ಹೊಸ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, "ಅದ್ರಾಗೆ ಕಳಶ ಐತೆ, ಅಕ್ಷರ ಐತೆ, ಲಕ್ಷಣವಾಗೈತೆ. ಇದೇನಿದು ಬೋಳು ಬೋಳು?" ಎಂದು ಹಾಗೇ ಇಟ್ಟು ಹೋದಳು. ಇನ್ನೊಬ್ಬಳು ಹೊಸದನ್ನು ಕಂಕುಳಿಗೆ ಸೇರಿಸಿಕೊಂಡು, "ಹಳೇದು ಮನ್ಯಾಗೈತೆ, ನಾಳೆ ತರ್ತೀನಿ ತಾಯಿ," ಎಂದವಳು ಮತ್ತೆ ಆ ಸಾಲಿಗೇ ಬರಲಿಲ್ಲ. ಮೂರನೆಯವರು ಒಬ್ಬ ಮೇಷ್ಟ್ರು. ಅವರು ಕನ್ನಡಕದ ಮೇಲಿಂದ ನೋಡಿ, "ಹೊಸದನ್ನೂ ಕೊಡಮ್ಮ, ಹಳೇದೂ ಇರ್ಲಿ. ಪರಿಸರಕ್ಕೆ ಒಳ್ಳೇದು," ಎಂದರು. ಒಂದೇ ಒಂದು ಚೀಲ ವಾಪಸು ಬಂತು. ಅದರೊಳಗೆ ಯಾರೋ ಸೀಮೆಎಣ್ಣೆ ಡಬ್ಬಿ ಇಟ್ಟಿದ್ದರು, ತಳವೆಲ್ಲ ಕಮಟಾಗಿತ್ತು. ಹೆಸರಿಗೆ ಮಾತ್ರ ಏನೂ ಆಗಿರಲಿಲ್ಲ.

ಆ ಒಂದು ಚೀಲ ಹಿಡಿದುಕೊಂಡು ಅವಳು ಹೊಳಲ್ಕೆರೆ ರಸ್ತೆಯಲ್ಲಿದ್ದ ರಂಗೇಶನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋದಳು. ಹೆಸರು ಅಚ್ಚು ಹಾಕಿದವನು ಅವನೇ. ಅವನು ಬೆರಳಿನಿಂದ ಅಕ್ಷರ ತಿಕ್ಕಿ ನೋಡಿ ಹೆಮ್ಮೆಯಿಂದ ನಕ್ಕ. "ಹೆಂಗೈತೆ ನೋಡಮ್ಮ ನಮ್ ಬಣ್ಣ! ಸೀಮೆಎಣ್ಣೆಗೂ ಬಿಟ್ಟಿಲ್ಲ."

"ತೆಗೀಬೇಕಿತ್ತು."

"ತೆಗೀಬೇಕಾ? ಬಟ್ಟೆ ಹರಿದ್ರೂ ಬಣ್ಣ ಹೋಗ್ಬಾರ್ದು ಅಂತ ನಿಮ್ಮವ್ವನೇ ಮೂರು ಸಲ ಹೇಳಿದ್ರು. ಈಗ ತೆಗಿ ಅಂದ್ರೆ?" ಅವಳ ಮುಖ ನೋಡಿ ಅವನಿಗೇ ಏನನ್ನಿಸಿತೋ, ದನಿ ತಗ್ಗಿಸಿದ. "ಒಂದು ಕೆಲ್ಸ ಮಾಡಬಹುದು. ಮ್ಯಾಲೆ ಕಪ್ಪು ಬಣ್ಣದ್ದೊಂದು ಪಟ್ಟಿ ಹೊಡೀತೀನಿ. ನೀನು ಚೀಲ ಎಲ್ಲ ತಂದ್ಬಿಡು."

ಚೀಲ ಎಲ್ಲ ತರಲು ಆಗಿದ್ದರೆ ಅವಳು ಇವನ ಹತ್ತಿರ ಯಾಕೆ ಬರುತ್ತಿದ್ದಳು? ಒಲೆಗೆ ಹಾಕುತ್ತಿರಲಿಲ್ಲವೇ? ಅದನ್ನೂ ಅವಳು ಹೇಳಲಿಲ್ಲ. ಕಮಟು ಚೀಲವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಹೆಸರು ಒಳಗಡೆ ಬರುವಂತೆ ನೋಡಿಕೊಂಡು, ಮನೆಗೆ ನಡೆದಳು.

ಮನೆಯ ಮುಂದೆ ಯಾರದೋ ಚಪ್ಪಲಿ ಇದ್ದವು. ಜಗುಲಿಯ ಮೇಲೆ, ಗೋಡೆಗೆ ಒರಗಿಸಿಟ್ಟ ಅದೇ ಚೀಲ, ತುಂಬಿಕೊಂಡು ನಿಂತಿತ್ತು.

ಒಳಗೆ ಚಾಪೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಮೂಗಿನ ಎರಡೂ ಕಡೆ ಮೂಗುಬೊಟ್ಟು, ಹಣೆಯಲ್ಲಿ ಕಾಸಿನಗಲ ಕುಂಕುಮ. ಹೊಳಲ್ಕೆರೆ ಕಡೆಯ ಹಳ್ಳಿಯವಳು, ಬರಗೇರಮ್ಮ ಎಂದು ಹೆಸರು. ಬೆಣ್ಣೆ ಮಾರಲು ಆಗಾಗ ಚಿತ್ರದುರ್ಗಕ್ಕೆ ಬರುತ್ತಾಳೆ. ಹಾಗೆ ಬಂದಾಗ ಕೆಂಚಣ್ಣನಲ್ಲಿ ಮೆಣಸಿನಕಾಯಿ ಕೊಂಡು ಒಂದು ಚೀಲವನ್ನೂ ಇಸ್ಕೊಂಡು ಹೋಗಿದ್ದಳು.

"ಇವಳೇ ಏನು? ಬಾ ತಾಯಿ, ಬಾ," ಎಂದು ಕೈ ಚಾಚಿದಳು. "ಚೀಲ ತಗಂಡೋದಾಗ ನಂಗೇನು ಗೊತ್ತು? ಓದಕ್ಕೆ ಬರಲ್ಲ. ಮನೇಗೋದ್ ಮ್ಯಾಲೆ ಮೊಮ್ಮಗಳು ಓದಿದ್ಲು, ಅಜ್ಜೀ ಇದು ಮದ್ವೆ ಚೀಲ ಅಂತ. ಎದೆ ಹೊಡ್ಕಂತು. ತಾಂಬೂಲದ ಚೀಲ ತಗಂಡು ಮುಯ್ಯಿ ಮಾಡ್ದೆ ಇದ್ರೆ ಹೆಂಗವ್ವಾ? ಇಷ್ಟು ವರ್ಷ ಯಾರ್ದೂ ಉಳಿಸ್ಕಂಡೋಳಲ್ಲ ನಾನು. ಕೆಂಚಣ್ಣನ್ನ ಮನೆ ಕೇಳ್ಕಂಡು ಬಂದೆ."

ಮದುವೆಗೆ ಹೋದವರು ಉಡುಗೊರೆ ಕೊಟ್ಟು ಮುಯ್ಯಿ ಮಾಡುತ್ತಾರೆ, ಬರುವಾಗ ತಾಂಬೂಲ ತೆಗೆದುಕೊಳ್ಳುತ್ತಾರೆ. ಈ ಅಜ್ಜಿಗೆ ತಾಂಬೂಲ ಮೊದಲು ಬಂದಿತ್ತು, ಆದ್ದರಿಂದ ಮುಯ್ಯಿ ಹಿಂದಿನಿಂದ ಹೊತ್ತುಕೊಂಡು ಬಂದಿದ್ದಳು. ಮಂಗಳಾ ಅವ್ವನ ಮುಖ ನೋಡಿದಳು. ಅವ್ವ ಹೇಳಿರುತ್ತಾಳೆ, ಇಷ್ಟರಲ್ಲಿ ಹೇಳಿಯೇ ಇರುತ್ತಾಳೆ ಎಂದು. ಮಲ್ಲಕ್ಕ ಮಗಳ ಕಡೆ ನೋಡದೆ, "ಟೀ ಕುಡೀರಿ, ಆರ್ತೈತೆ," ಎಂದಳು.

"ಅಳಿಯಂದ್ರು ಬಂದಿಲ್ವೇನು?" ಎಂದಳು ಬರಗೇರಮ್ಮ.

"ಇಲ್ಲ ಕಣಜ್ಜಿ. ಅಂಗಡಿ ಬಿಟ್ ಬರಕ್ಕಾಗಲ್ಲ ಅವ್ರಿಗೆ," ಎಂದಳು ಮಲ್ಲಕ್ಕ.

ಮಂಗಳಾ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಸುಳ್ಳು ಅಷ್ಟು ಸಲೀಸಾಗಿ ಬಂದಿತ್ತು. ಅವ್ವ ಇದನ್ನು ಮೊದಲ ಸಲ ಹೇಳುತ್ತಿಲ್ಲ.

ಅಜ್ಜಿಯ ಕಣ್ಣು ಚುರುಕಾಗಿತ್ತು. "ಕಾಲುಂಗುರ ಎಲ್ಲವ್ವ?"

"ಬಿಗಿ ಆಗಿದ್ವು. ಅಕ್ಕಸಾಲಿಗ್ರಿಗೆ ಕೊಟ್ಟೀವಿ."

"ತಾಳಿ?"

"ರವಿಕೆ ಒಳಗೈತೆ. ಹೊಲಿಗೆ ಮಿಷನ್ನಿಗೆ ಸಿಕ್ಕಂತೈತೆ ಅಂತ."

"ಅದೂ ಸರಿಯೇ," ಎಂದು ಅಜ್ಜಿ ತೃಪ್ತಳಾಗಿ ಚೀಲವನ್ನು ಒಳಕ್ಕೆ ತರಿಸಿ ಬಿಚ್ಚತೊಡಗಿದಳು. ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆಯಡಿಕೆ, ಹಸಿರು ಬಣ್ಣದ ರವಿಕೆ ಕಣ. "ಕುಂತ್ಕ ತಾಯಿ, ಮಡ್ಲಕ್ಕಿ ಹಾಕ್ಬಿಡ್ತೀನಿ. ಬಸ್ಸಿಗೆ ಹೊತ್ತಾಗ್ತೈತೆ."

ಮಲ್ಲಕ್ಕ ಮಗಳ ತೋಳು ಹಿಡಿದು ಚಾಪೆಗೆ ಎಳೆದಳು. ಕಿವಿಯ ಹತ್ತಿರ ಬಾಯಿ ತಂದು, "ಒಂದು ಗಳಿಗೆ ಕುಂತ್ಕಳೇ. ಪಾಪ, ಅಷ್ಟು ದೂರದಿಂದ ಬಂದವ್ಳೆ. ಇಸ್ಕಂಡು ಕಳ್ಸಿದ್ರೆ ಮುಗೀತು," ಎಂದಳು.

ಮಂಗಳಾ ಕೂತಳು. ಅವಳಿಗೇ ಗೊತ್ತಾಗದೆ ಕೂತಿದ್ದಳು. ಹಾಗೆ ಕೂರಿಸಿದರೆ ಕೂತು, ನಿಲ್ಲಿಸಿದರೆ ನಿಂತು ಅವಳಿಗೆ ರೂಢಿ. ಅಜ್ಜಿ ಅವಳ ಸೆರಗನ್ನು ಬಿಡಿಸಿ ಮಡಿಲಲ್ಲಿ ಹರಡಿದಳು. ಒರಟು ಕೈ, ಬೆಣ್ಣೆಯ ಹಳೆಯ ವಾಸನೆ. ಬೊಗಸೆ ತುಂಬ ಅಕ್ಕಿ ತೆಗೆದು, ಏನೋ ಹಾಡಿನ ಹಾಗೆ ಗುನುಗುತ್ತ, ಮುಂದಕ್ಕೆ ಬಾಗಿದಳು. ಇಷ್ಟು ದಿನ ಸುಳ್ಳು ಚೀಲದ ಮೇಲಿತ್ತು, ಯಾರದೋ ಕೈಯಲ್ಲಿ ತೂಗಾಡುತ್ತಿತ್ತು. ಈಗ ನೇರ ಮಡಿಲಿಗೆ ಬೀಳುವುದರಲ್ಲಿತ್ತು. ಈ ಅಕ್ಕಿ ಬಿದ್ದರೆ ನಾಳೆ ಇದನ್ನು ಬೇಯಿಸಿ ಉಣ್ಣಬೇಕು.

ಅವಳು ಅಜ್ಜಿಯ ಎರಡೂ ಮಣಿಕಟ್ಟು ಹಿಡಿದಳು.

"ಅಜ್ಜೀ, ನನ್ ಮದ್ವೆ ಆಗಿಲ್ಲ."

"ಆಂ?"

"ಮದ್ವೆ ಆಗಿಲ್ಲ."

"ಜೋರಾಗ್ ಹೇಳವ್ವ, ನಂಗೆ ಈ ಕಡೆ ಕಿವಿ ಮಂದ."

ಅಷ್ಟು ಹೇಳುವುದಕ್ಕೇ ಅವಳ ಜೀವ ಹೋಗಿ ಬಂದಿತ್ತು. ಆ ಮುದುಕಿಯ ಮೇಲೆ, ಅವ್ವನ ಮೇಲೆ, ದೊಡ್ಡಪ್ಪನ ಮೇಲೆ, ಹೋಗದ ಬಣ್ಣದ ಮೇಲೆ, ಎಲ್ಲದರ ಮೇಲಿದ್ದ ಸಿಟ್ಟು ಒಟ್ಟಿಗೆ ಬಂದು ಗಂಟಲಲ್ಲಿ ಕೂತಿದ್ದನ್ನು ತಳ್ಳಿತು.

"ನನ್ ಮದ್ವೆ ಆಗಿಲ್ಲಾ! ಮುರ್ದು ಹೋತು! ಹುಡುಗ ಬ್ಯಾಡ ಅಂದ!"

ಗೋಡೆಯಾಚೆ ಪಕ್ಕದ ಮನೆಯಲ್ಲಿ ಗರಗರ ತಿರುಗುತ್ತಿದ್ದ ಮಿಕ್ಸಿ ತಟಕ್ಕನೆ ನಿಂತಿತು. ಮಲ್ಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜಿಯ ಬೊಗಸೆಯಿಂದ ಅಕ್ಕಿ ಚಾಪೆಯ ಮೇಲೆ ಸುರಿಯಿತು.

ಆಮೇಲೆ ಬರಗೇರಮ್ಮ ಮಲ್ಲಕ್ಕನ ಕಡೆ ತಿರುಗಿದಳು. "ಅಲ್ಲೇ, ಕಾಲುಂಗುರ ಬಿಗಿ ಅಂದ್ಯಲ್ಲೇ? ತಾಳಿ ಒಳಗೈತೆ ಅಂದ್ಯಲ್ಲೇ? ಮದ್ವೆ ಆಗ್ದೋಳಿಗೆ ನನ್ ಕೈಯಾಗೆ ಮಡ್ಲಕ್ಕಿ ಹಾಕಿಸ್ತಿದ್ದೆ, ನೀನು ಹೆಣ್ಣಾ ಏನು?"

"ಏನ್ ಮಾಡ್ಲಿ ಕಣಜ್ಜಿ?" ಎಂದಳು ಮಲ್ಲಕ್ಕ. "ಅಟ್ಟದ ಮ್ಯಾಲೆ ದಿನಾ ಅವನ್ನ ನೋಡಕ್ಕಾಗ್ತಿರಲಿಲ್ಲ. ಹೊರಗೆ ಹೋದ್ರೆ ಸಾಕು ಅಂತ ಕೊಟ್ಟೆ. ಕೇಳಿದೋರಿಗೆಲ್ಲ ಆತು ಆತು ಅಂತ ಹೇಳ್ತಾ ಹೇಳ್ತಾ..."

ಮಂಗಳಾ ಸುರಿದ ಅಕ್ಕಿಯನ್ನು ಅಂಗೈಯಿಂದ ಒಟ್ಟುಗೂಡಿಸಿ ಅಜ್ಜಿಯ ಮುಂದಿಟ್ಟಳು. "ಅಕ್ಕಿ ತಗಂಡೋಗಜ್ಜಿ. ಆ ಚೀಲ ಇಲ್ಲೇ ಬಿಡು. ಬೇರೇದು ಕೊಡ್ತೀನಿ."

ಅಜ್ಜಿ ಚೀಲವನ್ನು ಎದೆಗವಚಿಕೊಂಡಳು. "ಅದಾಗಲ್ಲ! ಮನೆಗ್ ಬಂದ ತಾಂಬೂಲ ವಾಪಸ್ ಕೊಡ್ತಾರಾ? ತಂದ ಮುಯ್ಯಿನೂ ವಾಪಸ್ ಒಯ್ಯಂಗಿಲ್ಲ. ನಮ್ ಕಡೆ ಅಂಥದ್ದು ಮಾಡಲ್ಲ."

ಇಷ್ಟೆಲ್ಲ ಕೂಗಿದ ಮೇಲೂ ಚೀಲ ಸಿಗುವುದಿಲ್ಲ. ಮಂಗಳಾಳಿಗೆ ಅಳುವೂ ಬಂತು, ನಗುವೂ ಬಂತು, ಎರಡಕ್ಕಿಂತ ಹೆಚ್ಚಾಗಿ ರೇಗಿತು. "ತಾಂಬೂಲ ಅಲ್ಲಜ್ಜಿ ಅದು! ಚೀಲ! ಬರೀ ಚೀಲ! ನಾನು ಹೊಲ್ದಿದ್ದು!"

"ನೀನೇ ಹೊಲ್ದಿದ್ದಾ?" ಅಜ್ಜಿ ಚೀಲವನ್ನು ತಿರುಗಿಸಿ, ಹಿಡಿಕೆಯ ಚೌಕವನ್ನು ಹೆಬ್ಬೆರಳಿನಿಂದ ಒತ್ತಿ, ಎಳೆದು ನೋಡಿದಳು. "ಅಕ್ಕಿ, ಕಾಯಿ, ಬೆಲ್ಲ ಎಲ್ಲ ಹೊತ್ಕಂಡ್ ಬಂದೆ, ಅಲ್ಲಾಡ್ಲಿಲ್ಲ. ಮೊದ್ಲೇ ಹೇಳ್ಬಾರ್ದಾ?" ಎಂದವಳು ಸ್ವಲ್ಪ ಹೊತ್ತು ಯೋಚಿಸಿ, ಹಸಿರು ಕಣವನ್ನು ಮಂಗಳಾಳ ಕೈಗೆ ತುರುಕಿದಳು. "ಹಂಗಾರೆ ಇದು ಮುಯ್ಯಿ ಅಲ್ಲ. ಇದ್ರಾಗೆ ನಂಗೊಂದು ರವಿಕೆ ಹೊಲ್ಕೊಡು. ನಮ್ಮೂರಾಗೆ ಒಬ್ನವ್ನೆ, ಅವನು ಹೊಲ್ದ್ರೆ ಕೈ ಎತ್ತಂಗಿಲ್ಲ, ಕಂಕ್ಳಲ್ಲಿ ಬಿಡ್ತೈತೆ. ಕಾಯಿ ಒಡ್ದು ಚಟ್ನಿ ಮಾಡ್ಕಳ್ರಿ. ಅಕ್ಕಿ ನಾನೇ ಒಯ್ತೀನಿ, ದಂಡ ಯಾಕೆ?"

ಅಕ್ಕಿ ಮತ್ತೆ ಅದೇ ಚೀಲಕ್ಕೆ ಹೋಯಿತು. ಅಜ್ಜಿ ಮದಕರಿಪುರದ ರಸ್ತೆಯಲ್ಲಿ ಅದನ್ನು ತೂಗಾಡಿಸಿಕೊಂಡು ಹೋದಳು. ಕಳಶ, ಮಂಗಳಾ, ಲಕ್ಷ್ಮೀಕಾಂತ್, ಎಲ್ಲ ತಿರುವಿನವರೆಗೂ ಕಾಣುತ್ತಿದ್ದವು.

ಅವ್ವ ಮಗಳು ಆ ಸಂಜೆ ಮಾತಾಡಲಿಲ್ಲ. ಚಟ್ನಿ ಮಾತ್ರ ಮಾಡಿದರು.

ಮರುದಿನ ಮಾರ್ಕೆಟ್ಟಿನಲ್ಲಿ ಅದೇ ಕನ್ನಡಕದ ಹೆಂಗಸು ಎದುರಾದಳು. "ಏನವ್ವ, ಇನ್ನೂ ತೌರುಮನೇಲೇ ಇದೀಯ? ಗಂಡ ಬೈಯಲ್ವಾ?"

ಮಂಗಳಾಳ ತಲೆ ರೂಢಿಯಂತೆ ಅಲ್ಲಾಡಲು ಹೊರಟಿತು. ಅವಳು ಅದನ್ನು ಹಿಡಿದು ನಿಲ್ಲಿಸಿದಳು. "ಮದ್ವೆ ಆಗಿಲ್ಲಕ್ಕ. ಚೀಲ ಮಾತ್ರ ಆತು."

ದನಿ ನಡುಗಿತು, ಆದರೂ ಪಕ್ಕದ ಎರಡು ಅಂಗಡಿಗೆ ಕೇಳಿಸಿತು. ಸೊಪ್ಪಿನವಳು ಕಟ್ಟು ಬಿಚ್ಚುವುದನ್ನು ನಿಲ್ಲಿಸಿದಳು. ಕನ್ನಡಕದ ಹೆಂಗಸು ಒಂದು ಗಳಿಗೆ ಬಾಯಿ ತೆರೆದು ನಿಂತು, "ಅಯ್ಯೋ ಶಿವನೇ, ಪಾಪ," ಎಂದು ಅವಳ ಭುಜ ಸವರಿದಳು. ಆಮೇಲೆ ಕೇಳಿದಳು: "ಹಂಗಾರೆ ಇನ್ನೂ ಉಳ್ದಿರ್ಬೇಕಲ್ಲ? ನಮ್ಮಕ್ಕನಿಗೊಂದು ಕೊಡ್ತೀಯಾ? ಭಾಳ ಗಟ್ಟಿ ಅವೆ."

ಹೆಂಗಸು ಹೋದ ಮೇಲೆ ಕೆಂಚಣ್ಣ ಹಲಗೆಯಿಂದ ಬಾಗಿ ಪಿಸುಗುಟ್ಟಿದ: "ಯಾಕೇ? ಊರಿಗೆಲ್ಲ ಸಾರ್ಬೇಕಾ ಇದನ್ನ? ಸುಮ್ನಿರಕ್ಕಾಗಲ್ವಾ?"

"ಊರಿಗೆಲ್ಲ ಹಂಚಿದ್ದು ನೀವು ದೊಡ್ಡಪ್ಪ," ಎಂದಳು ಮಂಗಳಾ. "ಹಂಚಿದಷ್ಟು ಕಡೆ ನಾನು ಹೇಳ್ಬೇಕಾಗೈತೆ."

ಕೆಂಚಣ್ಣನಿಗೆ ಅವಳು ಎದುರಾಡಿದ್ದು ಇದೇ ಮೊದಲು. ಅವನು ಬದನೆಕಾಯಿಗೆ ಎರಡನೇ ಸಲ ನೀರು ಚಿಮುಕಿಸಿದ.

ಮಧ್ಯಾಹ್ನದವರೆಗೆ ಅವಳು ಕೇಳಿದವರಿಗೆಲ್ಲ ಹೇಳಿದಳು. ಹೂವಿನವಳಿಗೆ ಹೇಳಿದಳು, ಆಟೋದವನಿಗೆ ಹೇಳಿದಳು. ಹೇಳುತ್ತ ಹೇಳುತ್ತ ಸುಲಭವಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ಪ್ರತಿ ಸಲವೂ ಮೊದಲಿನಿಂದ ಕಿವಿ ಬಿಸಿಯಾಗುತ್ತಿತ್ತು. ಒಬ್ಬರೂ ಚೀಲ ವಾಪಸು ಕೊಡಲಿಲ್ಲ. ಹೊಲಿಗೆ ಹಾಗಿತ್ತು. ಇನ್ನು ಎಷ್ಟೋ ವರ್ಷ ಆ ಚೀಲ ಬಸ್ಸು ಹತ್ತುತ್ತದೆ, ಸಂತೆಗೆ ಹೋಗುತ್ತದೆ, ಯಾರೋ ಓದುತ್ತಾರೆ, ಯಾರೋ ಕೇಳುತ್ತಾರೆ. ಅವಳು ಹೇಳಬೇಕು. ಆ ಹೊಸದುರ್ಗದವನನ್ನು ಯಾರೂ ಏನೂ ಕೇಳುವುದಿಲ್ಲ. ಅವನ ಹೆಸರು ಅವಳ ಪಕ್ಕದಲ್ಲಿ ಆರಾಮವಾಗಿ ಕೂತುಕೊಂಡು ಊರು ಸುತ್ತುತ್ತದೆ.

ಮನೆಗೆ ಬಂದವಳೇ ಅಟ್ಟದ ಮೇಲಿನ ಉಳಿದ ಮೂಟೆಯನ್ನು ಕೆಳಕ್ಕೆ ಎಳೆದು ನಡುಮನೆಯಲ್ಲಿ ಸುರಿದಳು. ಇವನ್ನಾದರೂ ಬಿಚ್ಚಿ, ಒಳಮೈ ಹೊರಗೆ ಮಾಡಿ ಹಿಡಿಕೆ ಹಾಕಬೇಕು. ಕೇಳುವವರು ಕೇಳಲಿ, ಹೆಸರು ಒಳಗೆ ತರಕಾರಿಯ ಜೊತೆ ಇರಲಿ. ಬ್ಲೇಡು ತಗೊಂಡು ಹಿಡಿಕೆಯ ಚೌಕಕ್ಕೆ ಇಟ್ಟಳು. ದಾರ ಬಿಡಲಿಲ್ಲ. ಒಂದು ಎಳೆ ಕತ್ತರಿಸಿದರೆ ಅದರಡಿ ಇನ್ನೊಂದು, ಅದರ ಕೆಳಗೆ ಮೂಲೆಯ ಗೆರೆ. ಎರಡನೆಯ ಚೀಲಕ್ಕೆ ಬರುವಷ್ಟರಲ್ಲಿ ಬ್ಲೇಡು ಚಟಕ್ಕೆಂದು ಮುರಿಯಿತು.

"ಥೂ! ಯಾವಳೇ ಇದನ್ನ ಇಷ್ಟು ಬಿಗಿಯಾಗಿ ಹೊಲ್ದೋಳು!" ಎಂದಳು ಮಂಗಳಾ ಜೋರಾಗಿ.

ಅಡುಗೆಮನೆಯ ಬಾಗಿಲಲ್ಲಿ ಮಲ್ಲಕ್ಕ ಬಂದು ನಿಂತಿದ್ದಳು. ಒಳಗೆ ಹೋಗಿ ಹೊಸ ಬ್ಲೇಡು ತಂದು ಮಗಳ ಕೈಗೆ ಕೊಟ್ಟಳು. ಎದುರಿಗೆ ಕೂತು, ಚೀಲದ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಲಿಗೆ ಬಾಯಿ ಬಿಡುವ ಹಾಗೆ ಬಿಗಿಯಾಗಿ ಎಳೆದಳು.

"ಹೂಂ, ಕೊಯ್ಯಿ," ಎಂದಳು.